ನಾಲ್ಕು ಜನರ ಟೆಂಟಿನಲ್ಲಿ ಮಲಗುವವರು ಎಷ್ಟು ಜನ?

ಗಂಗಾವತಿಯ ಸುತ್ತಿನ ಗದ್ದೆಗಳಿಗೆ ಭತ್ತ ಕೊಯ್ಯುವ ಯಂತ್ರಗಳು ಇಳಿದು, ಬೆಳಗಿನ ಹೊತ್ತು ಒಂದಿಷ್ಟು ಚಳಿ ಬಿತ್ತೆಂದರೆ ನಮ್ಮ ಭಾಗದಲ್ಲಿ ಗುಡ್ಡ ಹತ್ತುವವರ ಕಾಲ ಬಂತೆಂದೇ ಲೆಕ್ಕ. ಆಗ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: "ಸರ, ನಾವು ಎಂಟು ಮಂದಿ ಅದೀವಿ. ನಾಕು ಮಂದೀವು ಎರಡು ಟೆಂಟ್ ತಗೊಂಡ್ರ ಸಾಕಲ್ರೀ?" ಕೇಳುವವರು ಬೇರೆ ಬೇರೆ. ಒಬ್ಬರು ಬಳ್ಳಾರಿಯ ಬ್ಯಾಂಕಿನವರು, ಇನ್ನೊಬ್ಬರು ಸಿಂಧನೂರಿನ ಉಪನ್ಯಾಸಕರು, ಮತ್ತೊಬ್ಬರು ಕೊಪ್ಪಳದಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗ. ಪ್ರಶ್ನೆಯೊಳಗಿನ ಲೆಕ್ಕ ಮಾತ್ರ ಒಂದೇ: ತಲೆ ಎಣಿಸುವುದು, ಟೆಂಟಿನ ಚೀಲದ ಮೇಲೆ ಬರೆದ ಅಂಕಿಯಿಂದ ಭಾಗಿಸುವುದು, ಬಂದ ಉತ್ತರಕ್ಕೆ ಹಣ ಹೊಂದಿಸುವುದು. ಈ ಭಾಗಾಕಾರದಲ್ಲಿ ತಪ್ಪು ಹುಡುಕಲು ಬರುವುದಿಲ್ಲ, ಆದರೂ ಅದನ್ನು ಕೇಳಿದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ. "ಸಾಕು" ಎಂದರೆ ಅಂಗಡಿಯ ನೆಲದ ಮೇಲೆ ಆ ಮಾತು ನಿಜವಾಗಿರುತ್ತದೆ, ಆನೆಗೊಂದಿಯ ಕಡೆಯ ಬಂಡೆಯ ಮೇಲೆ ಸುಳ್ಳಾಗುತ್ತದೆ. ಫೋನಿನಲ್ಲಿ ಇದನ್ನು ಬಿಡಿಸಿ ಹೇಳುವಷ್ಟು ವ್ಯವಧಾನ ಎರಡೂ ಕಡೆ ಇರುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಟೆಂಟಿನ ಮೇಲಿನ ಅಂಕಿಗೆ ಎಲ್ಲ ತಯಾರಕರೂ ಒಪ್ಪಿಕೊಂಡ ಒಂದೇ ಅಳತೆ ಎಂಬುದಿಲ್ಲ. ಸಾಮಾನ್ಯವಾಗಿ ಅವರು ಹಿಡಿಯುವುದು ಚಾರಣಿಗರ ಮಲಗುವ ಮ್ಯಾಟಿನ ಅಗಲವನ್ನು. ಅದು 50 ಸೆಂಟಿಮೀಟರಿನ ಆಸುಪಾಸು ಇರುತ್ತದೆ, ಉದ್ದ 183 ಸೆಂಟಿಮೀಟರ್. ಇಂಥ ಎಷ್ಟು ಮ್ಯಾಟುಗಳನ್ನು ಒಂದರ ಪಕ್ಕ ಒಂದು ಒತ್ತಿ ಹಾಸಬಹುದೋ ಅಷ್ಟು ಜನರ ಟೆಂಟು ಅದು. ಹೀಗಾಗಿ ಇಬ್ಬರ ಟೆಂಟಿನ ಒಳ ಅಗಲ ಸುಮಾರು 130 ಸೆಂಟಿಮೀಟರ್, ಮೂವರದು ಸುಮಾರು 180, ನಾಲ್ವರದು 210ರಿಂದ 240. ಇಬ್ಬರ ಟೆಂಟಿನಲ್ಲಿ ಒಬ್ಬೊಬ್ಬರಿಗೆ 65 ಸೆಂಟಿಮೀಟರ್ ಸಿಕ್ಕರೆ ನಾಲ್ವರದರಲ್ಲಿ ಕೆಲವೊಮ್ಮೆ 55 ಮಾತ್ರ ಸಿಗುತ್ತದೆ ಎಂಬುದನ್ನು ಗಮನಿಸಬೇಕು. ದೊಡ್ಡ ಟೆಂಟಿನಲ್ಲಿ ತಲೆಗೆ ಹೆಚ್ಚು ಜಾಗ ಇರುತ್ತದೆಂಬ ನಮ್ಮ ಊಹೆ ಬಹಳ ಸಲ ತಿರುಗುಮುರುಗಾಗಿರುತ್ತದೆ. ಇದರ ಮೇಲೆ, ತೂಕ ಇಳಿಸುವುದಕ್ಕಾಗಿ ಹಲವು ಟೆಂಟುಗಳ ನೆಲವನ್ನು ಕಾಲಿನ ಕಡೆ ಕಿರಿದು ಮಾಡಿರುತ್ತಾರೆ. ತಲೆಯ ಕಡೆ 130 ಇದ್ದದ್ದು ಕಾಲಿನ ಕಡೆ 110 ಆಗಿರಬಹುದು. ಒಬ್ಬರ ತಲೆ ಇತ್ತ, ಇನ್ನೊಬ್ಬರ ತಲೆ ಅತ್ತ ಹಾಕಿ ಹೇಗೋ ಹೊಂದಿಸುತ್ತೇವೆ ಎನ್ನುವವರ ಉಪಾಯ ಅಂಥ ಟೆಂಟಿನಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಈ ಲೆಕ್ಕ ಇನ್ನೂ ಒಂದು ಕಡೆ ಸಡಿಲಾಗುತ್ತದೆ. 50 ಸೆಂಟಿಮೀಟರಿನ ಚಾರಣದ ಮ್ಯಾಟನ್ನು ಕೊಂಡುಕೊಂಡವರು ನಮ್ಮ ಗುಂಪುಗಳಲ್ಲಿ ಅಪರೂಪ. ಹೆಚ್ಚಿನವರು ಮನೆಯಲ್ಲಿದ್ದ ಯೋಗದ ಮ್ಯಾಟನ್ನೇ ಸುತ್ತಿ ಚೀಲಕ್ಕೆ ಕಟ್ಟಿಕೊಂಡು ಬರುತ್ತಾರೆ, ಅದರ ಅಗಲ 60 ಸೆಂಟಿಮೀಟರ್ ಇರುತ್ತದೆ. ಮೂರು ಯೋಗದ ಮ್ಯಾಟು ಸೇರಿದರೆ 180. ಅಂದರೆ ಮೂವರ ಟೆಂಟಿನ ಗೋಡೆಯಿಂದ ಗೋಡೆಯವರೆಗೆ ಮ್ಯಾಟೇ ತುಂಬಿಕೊಂಡು, ಒಂದು ನೀರಿನ ಬಾಟಲಿ ನಿಲ್ಲಿಸುವಷ್ಟು ಎಡೆಯೂ ಉಳಿಯುವುದಿಲ್ಲ. ನಾಲ್ಕು ಸೇರಿದರೆ 240, ಎಂದರೆ ಬಹುಪಾಲು ನಾಲ್ವರ ಟೆಂಟುಗಳಲ್ಲಿ ನಾಲ್ಕನೆಯದು ಅಂಚಿನಲ್ಲಿ ಮಡಚಿಕೊಳ್ಳುತ್ತದೆ.

ಮಾಳಿಗೆಯ ಮೇಲಿನ ಗೆರೆ

ಅಂಕಿಗಳಿಂದ ಯಾರಿಗೂ ಏನೂ ಮನವರಿಕೆಯಾಗುವುದಿಲ್ಲ ಎಂಬುದು ನನ್ನ ಅನುಭವ. ಒಂದು ಸಲ ಸಂಡೂರಿನ ಕಡೆ ಹೋಗುವ ಮಾತು ನಡೆದಾಗ, ನಮ್ಮ ಗುಂಪಿನ ಆರು ಜನ ನಮ್ಮ ಮನೆಯ ಮಾಳಿಗೆಯ ಮೇಲೆ ಸೇರಿದ್ದೆವು. ಒಂದೇ ದೊಡ್ಡ ಟೆಂಟು ಬಾಡಿಗೆಗೆ ತರೋಣ, ಎಲ್ಲರೂ ಒಂದೇ ಕಡೆ ಮಾತಾಡುತ್ತಾ ಮಲಗೋಣ ಎಂಬುದು ಬಹುಮತದ ಅಭಿಪ್ರಾಯವಾಗಿತ್ತು. ನಾನು ವಾದ ಬಿಟ್ಟು, ಮಗಳ ಪಾಟಿಚೀಲದಿಂದ ಸೀಮೆಸುಣ್ಣ ತಂದು, ಅವರು ಆರಿಸಿದ್ದ ಟೆಂಟಿನ ಒಳ ಅಳತೆಯನ್ನು ಟೇಪು ಹಿಡಿದು ಮಾಳಿಗೆಯ ಮೇಲೆ ಬರೆದೆ. ನಮ್ಮ ಕಡೆ ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗುವುದು ಯಾರಿಗೂ ಹೊಸದಲ್ಲವಾದ್ದರಿಂದ ಎಲ್ಲರೂ ನಗುತ್ತಲೇ ಗೆರೆಯೊಳಗೆ ಅಡ್ಡಾದರು. ಮೊದಲ ಎರಡು ನಿಮಿಷ ಎಲ್ಲವೂ ಸರಿಯಾಗಿತ್ತು, ಏಕೆಂದರೆ ಎಲ್ಲರೂ ಅಂಗಾತವಾಗಿ, ಕೈಗಳನ್ನು ಎದೆಗೆ ಜೋಡಿಸಿ ಮಲಗಿದ್ದರು. ಆಮೇಲೆ ಒಬ್ಬರು ಮಗ್ಗುಲಾದರು, ಅವರ ಮೊಣಕಾಲು ಪಕ್ಕದವರ ಗೆರೆಗೆ ಹೋಯಿತು. ಆರಡಿ ಮೇಲ್ಪಟ್ಟ ಗೆಳೆಯನೊಬ್ಬನ ಪಾದಗಳು ಗೆರೆಗೆ ತಾಗಿ ನಿಂತವು. ಟೆಂಟಿನ ಗೋಡೆ ಒಳಕ್ಕೆ ವಾಲಿರುತ್ತದೆಯೆಂದೂ, ನೆಲದ ಉದ್ದ 210 ಇದ್ದರೂ ಪಾದದ ಎತ್ತರದಲ್ಲಿ ಅಷ್ಟು ಉದ್ದ ಸಿಗುವುದಿಲ್ಲವೆಂದೂ, ರಾತ್ರಿ ಅದೇ ಗೋಡೆಯ ತೇವ ಅವನ ಹೊದಿಕೆಗೆ ಇಳಿಯುತ್ತದೆಯೆಂದೂ ಹೇಳಿದಾಗ ಅವನು ಕಾಲು ಮಡಚಿಕೊಂಡ. ಮಡಚಿದ ಕಾಲಿಗೆ ಮತ್ತೆ ಅಗಲ ಬೇಕಾಯಿತು.

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದ, ನಾವೆಲ್ಲ ಕಾಕಾ ಎಂದೇ ಕರೆಯುವ ನಿವೃತ್ತ ಮೇಷ್ಟ್ರು ಸರಿಯಾಗಿ ನಡುವೆ ಮಲಗಿದ್ದರು. ಅವರು ಎದ್ದು ಕೂತು, "ನಾನು ರಾತ್ರಿ ಎರಡು ಸಲ ಏಳಾಂವ. ಇಬ್ಬರನ್ನ ದಾಟಿ ಹೋಗೋದು, ಮತ್ತ ಇಬ್ಬರನ್ನ ದಾಟಿ ಬರೋದು. ನಿಮಗ ನಿದ್ದಿ ಬೇಕೋ ಬ್ಯಾಡೋ ಹೇಳ್ರಿ" ಎಂದರು. ಆ ಮಾತಿನ ಮುಂದೆ ನನ್ನ ಸೆಂಟಿಮೀಟರುಗಳೆಲ್ಲ ಸಪ್ಪೆ. ಒಂದೇ ಟೆಂಟಿನ ಯೋಚನೆ ಅಲ್ಲಿಗೆ ಮುಗಿಯಿತು. ಟೆಂಟು ಕೊಳ್ಳುವ ಅಥವಾ ಬಾಡಿಗೆಗೆ ತರುವ ಯಾವುದೇ ಗುಂಪಿಗೆ ನಾನು ಮೊದಲು ಹೇಳುವುದು ಇದನ್ನೇ: ಗೆರೆ ಬರೆಯಿರಿ, ಎಲ್ಲರೂ ತಮ್ಮ ತಮ್ಮ ಮ್ಯಾಟು ಹಾಸಿ ಕಾಲು ಗಂಟೆ ಮಲಗಿರಿ, ನಡುವೆ ಒಬ್ಬರು ಎದ್ದು ಹೊರಗೆ ಹೋಗಿ ಬರಲಿ. ಗೆರೆ ಬರೆಯುವಾಗ ಒಳಗೂಡಿನ ಅಳತೆಯನ್ನೇ ಹಿಡಿಯಬೇಕು. ಅಂಗಡಿಯವರು ಕೆಲವೊಮ್ಮೆ ಮಳೆಹೊದಿಕೆಯ ಹೊರ ಅಳತೆಯನ್ನು ಹೇಳಿಬಿಡುತ್ತಾರೆ, ಅದು ಕೇಳುವುದಕ್ಕೆ ಯಾವಾಗಲೂ ಉದಾರವಾಗಿರುತ್ತದೆ.

ಒಳಗೆ ಬರಲೇಬೇಕಾದ ಸಾಮಾನು

ತಂಪು ದೇಶಗಳ ಚಾರಣಿಗರು ಬರೆದ ಸಲಹೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಚೀಲ, ಬೂಟುಗಳನ್ನು ಬಾಗಿಲ ಹೊರಗೆ ಮಳೆಹೊದಿಕೆಯ ಚಾಚಿನ ಕೆಳಗೆ ಇಡಿ, ಒಳಗೆ ಮಲಗುವುದಕ್ಕೆ ಮಾತ್ರ ಜಾಗ ಇದ್ದರೆ ಸಾಕು. ಕೊಪ್ಪಳ, ರಾಯಚೂರು, ಬಳ್ಳಾರಿಯ ಗುಡ್ಡಗಳಲ್ಲಿ ಇದನ್ನು ಅನುಸರಿಸುವವರು ಬೆಳಿಗ್ಗೆ ಬೂಟು ಹಾಕಿಕೊಳ್ಳುವ ಮೊದಲು ದೇವರನ್ನು ನೆನೆಯಬೇಕು. ಹಗಲೆಲ್ಲ ಕಲ್ಲಿನ ಸಂದಿಯಲ್ಲಿರುವ ಚೇಳು ಕತ್ತಲಾದ ಮೇಲೆ ಓಡಾಡುತ್ತದೆ, ಬೆಳಗಾಗುವ ಮೊದಲು ಕತ್ತಲೆಯ ಗೂಡೊಂದನ್ನು ಹುಡುಕಿಕೊಳ್ಳುತ್ತದೆ. ಹೊರಗಿಟ್ಟ ಬೂಟಿಗಿಂತ ಒಳ್ಳೆಯ ಗೂಡು ಅದಕ್ಕೆ ಬೇರೆ ಬೇಕಿಲ್ಲ. ದಖ್ಖನ್ನಿನ ಕೆಂಪು ಚೇಳಿನ ಕುಟುಕು ಬರೀ ಉರಿಯಲ್ಲಿ ಮುಗಿಯುವಂಥದ್ದಲ್ಲ, ಹೃದಯಕ್ಕೂ ತೊಂದರೆ ತರಬಲ್ಲದು. ಹೀಗಿರುವಾಗ ಬೂಟು, ಚೀಲ, ಬಿಚ್ಚಿಟ್ಟ ಬಟ್ಟೆ ಎಲ್ಲವೂ ಜಾಲರಿಯ ಒಳಗೇ ಬರಬೇಕು, ಜಿಪ್ಪು ಪೂರ್ತಿ ಎಳೆದಿರಬೇಕು. 50 ಲೀಟರಿನ ಒಂದು ಚೀಲ ಮಲಗಿಸಿದರೆ ಸರಿಸುಮಾರು ಅರ್ಧ ಮನುಷ್ಯನ ಜಾಗ ಹಿಡಿಯುತ್ತದೆ. ಇಬ್ಬರು ಮತ್ತು ಅವರ ಎರಡು ಚೀಲ ಎಂದರೆ ಮೂವರ ಟೆಂಟು. ನಮ್ಮ ಗುಡ್ಡಗಳ ಮಟ್ಟಿಗೆ ಟೆಂಟಿನ ಮೇಲಿನ ಅಂಕಿಯಿಂದ ಒಂದನ್ನು ಕಳೆಯಿರಿ ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದು. ಆರಾಮದ ಮಾತು ಆಮೇಲಿನದು.

ಊಟದ ಸಾಮಾನು ಮಾತ್ರ ಒಳಗೂ ಬೇಡ, ಬಾಗಿಲಲ್ಲೂ ಬೇಡ. ದರೋಜಿಯ ಕರಡಿಧಾಮ ಇರುವ ಸೀಮೆ ಇದು. ಧಾಮದ ಎಲ್ಲೆ ಕರಡಿಗೆ ಗೊತ್ತಿಲ್ಲ, ಶೇಂಗಾ ಮತ್ತು ಮೆಕ್ಕೆಜೋಳದ ಹೊಲಗಳಿಗೆ ಅದು ಬಂದುಹೋಗುವುದು ಇಲ್ಲಿನ ರೈತರಿಗೆ ಗೊತ್ತಿರುವ ವಿಷಯವೇ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಮಲಗುವ ಜಾಗದಿಂದ ದೂರ ಇಡುವುದು ಮೇಲು. ಬೆಲ್ಲ, ಬಾಳೆಹಣ್ಣುಗಳನ್ನು ಸಂಜೆಯೇ ತಿಂದು ಮುಗಿಸುವುದು ಇನ್ನೂ ಮೇಲು. ಅಂದ ಹಾಗೆ ಕರಡಿಧಾಮದಲ್ಲಿ, ಸಂಡೂರಿನ ಮೀಸಲು ಅರಣ್ಯದಲ್ಲಿ, ಹಂಪಿ ಮತ್ತು ಆನೆಗೊಂದಿಯ ಸಂರಕ್ಷಿತ ಪ್ರದೇಶದಲ್ಲಿ ಕಂಡಲ್ಲಿ ಟೆಂಟು ಹೂಡುವಂತಿಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೆ ಹಗಲು ಹೋಗಿ ಬಂದಾಗ ನಮ್ಮವನೊಬ್ಬ ಕಲ್ಲುಚಪ್ಪಡಿಗಳ ಒಂದು ಮನೆಯೊಳಗೆ ಇಣುಕಿ, "ಇದು ಎಷ್ಟು ಮಂದೀದು?" ಎಂದು ಕೇಳಿದ್ದ. ಕುಳ್ಳಗಿನ ಜನ ಕಟ್ಟಿಕೊಂಡು ವಾಸವಿದ್ದ ಮನೆಗಳವು ಎಂದು ಜನ ಹೇಳುತ್ತಾರೆ, ಪುರಾತತ್ವದವರ ಪ್ರಕಾರ ಅವು ಕಬ್ಬಿಣ ಯುಗದ ಸಮಾಧಿಗಳು. ಯಾವ ಲೆಕ್ಕದಲ್ಲೂ ಅಲ್ಲಿ ನಾವು ಮಲಗುವ ಪ್ರಶ್ನೆ ಬರುವುದಿಲ್ಲ.

ಬಂಡೆ ಕೊಡುವಷ್ಟೇ ಜಾಗ

ಟೆಂಟಿನ ಗಾತ್ರದ ವಿಚಾರದಲ್ಲಿ ನಮ್ಮವರು ಎಣಿಸದೆ ಬಿಡುವ ಸಂಗತಿ ನೆಲ. ತುಂಗಭದ್ರೆಯ ಎರಡೂ ದಂಡೆಯ ಈ ಗ್ರಾನೈಟು ಗುಡ್ಡಗಳು ಸುಮಾರು 250 ಕೋಟಿ ವರ್ಷ ಹಳೆಯವು. ಬಿಸಿಲು, ಮಳೆಗಳಿಗೆ ಸಿಕ್ಕು ಪದರ ಪದರವಾಗಿ ಬಿಚ್ಚಿಕೊಂಡು, ಬಿರುಕುಗಳಲ್ಲಿ ಒಡೆದು, ದುಂಡು ಬಂಡೆಗಳ ರಾಶಿಯಾಗಿ ನಿಂತಿವೆ. ಇಂಥ ಕಡೆ ಮಟ್ಟಸವಾದ ನೆಲ ಸಿಗುವುದು ತುಣುಕು ತುಣುಕಾಗಿ: ಎರಡು ಬಂಡೆಗಳ ನಡುವಿನ ಒಂದಿಷ್ಟು ಮರಳುಮಣ್ಣು, ಹಾಸುಬಂಡೆಯ ಮೇಲಿನ ಒಂದು ಸಮ ಹಾಳೆ, ಹೊಲದ ಬದುವಿನ ಒಂದು ತುದಿ. ಮೂವರ ಟೆಂಟಿನ ಒಳಗೂಡು 180 ಅಗಲ ಇದ್ದರೂ ಎರಡು ಬದಿಯ ಚಾಚುಗಳನ್ನು ಎಳೆದು ಕಟ್ಟಿದಾಗ ಅದು ಮೂರು ಮೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಆರು ಜನರ ಟೆಂಟು ಹಗ್ಗಗಳನ್ನೂ ಸೇರಿಸಿ ಒಂದು ಸಣ್ಣ ಕಣದಷ್ಟು ನೆಲವನ್ನೇ ಬೇಡುತ್ತದೆ. ಅಷ್ಟು ನೆಲ ಗುಡ್ಡದ ಮೇಲೆ ಎಲ್ಲಿದೆ ಎಂದು ಹೊರಡುವ ಮುನ್ನ ಯಾರೂ ಕೇಳುವುದಿಲ್ಲ. ಸಂಜೆ ಆರರ ಹೊತ್ತಿಗೆ, ಬೆಳಕು ಇಳಿಯುತ್ತಿರುವಾಗ, ಎಲ್ಲರೂ ಕೇಳುತ್ತಾರೆ.

ಸಾಣಾಪುರದ ಆಚೆ, ಪರಿಚಯದವರೊಬ್ಬರ ಪಟ್ಟಾ ಜಮೀನು ಗುಡ್ಡಕ್ಕೆ ಹತ್ತಿಕೊಂಡಿದೆ. ಒಂದು ಫೆಬ್ರವರಿಯಲ್ಲಿ ಅವರ ಒಪ್ಪಿಗೆ ಪಡೆದು ಅಲ್ಲಿ ಉಳಿದಿದ್ದೆವು. ನಮ್ಮ ಜೊತೆ ಬೇರೆ ಊರಿನ ಇನ್ನೊಂದು ಗುಂಪೂ ಇತ್ತು. ಅವರದು ಬಾಡಿಗೆಗೆ ತಂದ ಆರು ಜನರ ಟೆಂಟು, ನಮ್ಮವು ಇಬ್ಬರ ಮತ್ತು ಮೂವರ ಚಿಕ್ಕ ಗುಮ್ಮಟದ ಟೆಂಟುಗಳು. ಚಿಕ್ಕವುಗಳ ಕಂಬಿಗಳು ಒಂದನ್ನೊಂದು ಅಡ್ಡಹಾಯ್ದು ತಾವೇ ನಿಲ್ಲುವಂಥವಾದ್ದರಿಂದ ಅವನ್ನು ಎತ್ತಿಕೊಂಡು ಹೋಗಿ, ಒಂದನ್ನು ಹಾಸುಬಂಡೆಯ ಮೇಲೆ, ಇನ್ನೊಂದನ್ನು ಕಾರೆಗಿಡದ ಆಚೆ, ಹೀಗೆ ಸಿಕ್ಕಸಿಕ್ಕಲ್ಲಿ ಕೂರಿಸಿದೆವು. ಗೂಟ ಬಡಿಯುವ ಪ್ರಶ್ನೆಯೇ ಬಂಡೆಯ ಮೇಲೆ ಇಲ್ಲ, ತಲೆಗಾತ್ರದ ಕಲ್ಲುಗಳಿಗೆ ಹಗ್ಗ ಸುತ್ತಿದರೆ ಆಯಿತು. ಅವರ ಟೆಂಟಾದರೋ ನಾಲ್ಕೂ ಕಡೆ ಗೂಟದ ಮೇಲೆ ಜಗ್ಗಿ ನಿಲ್ಲಿಸಬೇಕಾದದ್ದು. ಅರ್ಧ ಬಂಡೆಯ ಮೇಲೆ, ಅರ್ಧ ಇಳಿಜಾರಿನ ಮೇಲೆ ಅದನ್ನು ಎಳೆದಾಡುತ್ತಿದ್ದಾಗ ಕುರಿ ಹೊಡೆದುಕೊಂಡು ಬಂದ ಮುದುಕರೊಬ್ಬರು ಕಂಬಳಿಯನ್ನು ಹೆಗಲಿಗೆ ಸರಿಸಿ ನಿಂತು ನೋಡಿದರು. "ಇಷ್ಟ್ ದೊಡ್ಡ ಪೆಂಡಾಲ ಯಾಕ್ರೀ, ಮದಿವಿ ಐತೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಗಾಳಿ ನಡುರಾತ್ರಿಯ ಮೇಲೆ ಯಾವ ಕಡೆಯಿಂದ ತಿರುಗುತ್ತದೆಂದು ಕೈ ತೋರಿಸಿ ಹೋದರು. ಅವರು ಹೇಳಿದಂತೆಯೇ ತಿರುಗಿತು. ದೊಡ್ಡ ಟೆಂಟಿನ ಅಗಲವಾದ ಗೋಡೆ ಹಾಯಿಯಂತೆ ಉಬ್ಬಿ, ಒಳಗಿದ್ದವರಲ್ಲಿ ಇಬ್ಬರು ಬೆಳಗಿನವರೆಗೆ ಕಂಬಿ ಹಿಡಿದು ಕೂತಿದ್ದರು. ಉಳಿದವರು ಹೊರಗೆ ತಾಡಪತ್ರಿ ಹಾಸಿಕೊಂಡು ಮಲಗಿದರು.

ರಾಯಚೂರಿನ ಕಡೆಯ ಎರೆ ನೆಲದಲ್ಲಿ ಕಥೆ ಬೇರೆ. ಅಲ್ಲಿ ಜಾಗ ಬೇಕಾದಷ್ಟಿದೆ, ಆದರೆ ಒಣಗಿದ ಎರೆ ಬಿರುಕು ಬಿಟ್ಟು ಗೂಟವನ್ನು ಹಿಡಿಯುವುದಿಲ್ಲ, ಒಂದು ಮಳೆ ಬಿದ್ದರೆ ಬೆಣ್ಣೆಯಂತಾಗಿ ಹಿಡಿದ ಗೂಟವನ್ನೂ ಬಿಟ್ಟುಕೊಡುತ್ತದೆ. ಟೆಂಟು ದೊಡ್ಡದಾದಷ್ಟೂ ಅದು ಗೂಟವನ್ನು ನೆಚ್ಚಿಕೊಂಡಿರುತ್ತದೆಯಾದ್ದರಿಂದ ಅಲ್ಲಿಯೂ ನನ್ನ ಮತ ಚಿಕ್ಕವುಗಳ ಕಡೆಗೇ.

ನೆಲದ ಜೊತೆಗೆ ಶಾಖವೂ ಬರುತ್ತದೆ. ಹಗಲು ಕಾದ ಬಂಡೆ ರಾತ್ರಿ ಬಹಳ ಹೊತ್ತಿನವರೆಗೆ ಶಾಖ ಬಿಡುತ್ತದೆ ಎಂಬುದನ್ನು ಬಳ್ಳಾರಿಯವರಿಗೆ ಹೇಳಿಕೊಡಬೇಕಿಲ್ಲ. ನಿದ್ದೆಯಲ್ಲಿರುವ ಒಬ್ಬ ಮನುಷ್ಯನ ದೇಹ ಸುಮಾರು 70ರಿಂದ 80 ವ್ಯಾಟ್ ಶಾಖ ಹೊರಹಾಕುತ್ತದೆ, ನಾಲ್ವರು ಸೇರಿದರೆ 300 ವ್ಯಾಟಿನಷ್ಟಾಯಿತು. ಅದರ ಮೇಲೆ ಉಸಿರು ಮತ್ತು ಬೆವರಿನಿಂದ ಒಬ್ಬೊಬ್ಬರೂ ರಾತ್ರಿಯಿಡೀ ನೂರಾರು ಮಿಲಿಲೀಟರ್ ನೀರನ್ನು ಆವಿಯಾಗಿ ಬಿಡುತ್ತಾರೆ. ದೊಡ್ಡ ಟೆಂಟಿನ ನಡುವೆ ಮಲಗಿದವನಿಗೆ ಜಾಲರಿಯ ಗೋಡೆ ಎರಡೂ ಕಡೆ ದೂರ, ಗಾಳಿ ಅವನನ್ನು ಮುಟ್ಟುವ ಹೊತ್ತಿಗೆ ಪಕ್ಕದವರ ಉಸಿರಾಗಿರುತ್ತದೆ. ಇಬ್ಬರೇ ಮಲಗುವ, ಎರಡೂ ಬದಿಗೆ ಬಾಗಿಲಿರುವ, ಮೇಲ್ಭಾಗವೆಲ್ಲ ಜಾಲರಿಯಾಗಿರುವ ಟೆಂಟಿನಲ್ಲಿ ಪ್ರತಿಯೊಬ್ಬರಿಗೂ ಒಂದು ಗೋಡೆ, ಒಂದು ಬಾಗಿಲು. ಮಳೆಯ ಸೂಚನೆ ಇಲ್ಲದ ರಾತ್ರಿ ಹೊರಹೊದಿಕೆಯನ್ನು ತೆಗೆದು ಮಡಚಿ ತಲೆದಿಂಬು ಮಾಡಿಕೊಂಡರಾಯಿತು. ನಮ್ಮ ಮೂರೂ ಜಿಲ್ಲೆಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳದ್ದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೊರಡುವವರು ಮಳೆಗಿಂತ ಗಾಳಿಯಾಟಕ್ಕೆ ಹೆಚ್ಚು ಬೆಲೆ ಕೊಡಬೇಕು. ಒಂದೇ ಪದರದ, ಕಿಟಕಿ ಇಲ್ಲದ ಅಗ್ಗದ ಟೆಂಟುಗಳನ್ನು ನಾನು ಯಾರಿಗೂ, ಯಾವ ಗಾತ್ರದಲ್ಲೂ ಹೇಳುವುದಿಲ್ಲ.

ಹೆಗಲಿನ ಲೆಕ್ಕ

ದೊಡ್ಡ ಟೆಂಟಿನ ಪರವಾಗಿ ಬರುವ ಗಟ್ಟಿ ವಾದ ತೂಕದ್ದು. ನಾಲ್ವರ ಒಂದು ಟೆಂಟು ಇಬ್ಬರ ಎರಡು ಟೆಂಟುಗಳಿಗಿಂತ ಹಗುರ ಎನ್ನುವುದು ನಿಜ, ಆದರೆ ಎಷ್ಟು ಹಗುರ ಎಂದು ಕೂಡಿಸಿ ನೋಡಿದವರು ಕಡಿಮೆ. ಹೊತ್ತು ನಡೆಯುವುದಕ್ಕೆಂದು ಮಾಡಿದ ಟೆಂಟುಗಳಲ್ಲಿ ಇಬ್ಬರದು ಒಂದೂವರೆಯಿಂದ ಎರಡೂವರೆ ಕಿಲೋ, ಮೂವರದು ಎರಡರಿಂದ ಮೂರೂವರೆ, ನಾಲ್ವರದು ಮೂರರಿಂದ ನಾಲ್ಕೂವರೆ ಕಿಲೋ ಇರುತ್ತವೆ. ಫೋನಿನಲ್ಲಿ ಕೇಳಿದ ಆ ಎಂಟು ಜನರನ್ನೇ ಹಿಡಿಯೋಣ. ನಾಲ್ಕು ಕಿಲೋದ ಎರಡು ಟೆಂಟು ಒಯ್ದರೆ ತಲೆಗೆ ಒಂದು ಕಿಲೋ. 2.8 ಕಿಲೋದ ಮೂವರ ಟೆಂಟುಗಳನ್ನು ನಾಲ್ಕು ಒಯ್ದು, ಒಂದೊಂದರಲ್ಲಿ ಇಬ್ಬರಂತೆ ಮಲಗಿದರೆ ಒಟ್ಟು 11.2 ಕಿಲೋ, ತಲೆಗೆ 1.4. ಎರಡಕ್ಕೂ ಇರುವ ಅಂತರ 400 ಗ್ರಾಂ, ಎಂದರೆ ಅರ್ಧ ಲೀಟರ್ ನೀರಿಗಿಂತಲೂ ಕಡಿಮೆ. ನಮ್ಮ ಗುಡ್ಡಗಳಲ್ಲಿ ಜನವರಿಯ ನಂತರ ಹಳ್ಳಗಳನ್ನು ನೆಚ್ಚುವಂತಿಲ್ಲ, ಒಬ್ಬೊಬ್ಬರೂ ನಾಲ್ಕು ಲೀಟರ್ ನೀರು ಹೊರಲೇಬೇಕು. ಆ ಭಾರದ ಮುಂದೆ 400 ಗ್ರಾಮಿನ ಉಳಿತಾಯಕ್ಕಾಗಿ ಎಂಟು ಜನರ ನಿದ್ದೆಯನ್ನು ಮಾರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಒಯ್ಯುವ ಆರು, ಎಂಟು ಜನರ ಕುಟುಂಬದ ಟೆಂಟುಗಳದು ಬೇರೆ ಜಾತಿ. ಅವುಗಳಲ್ಲಿ ಹತ್ತು ಕಿಲೋ ದಾಟುವವೂ ಇವೆ. ಮಾವಿನ ತೋಪಿನಲ್ಲಿ, ಗಾಡಿಯ ಪಕ್ಕದಲ್ಲಿ ಅವುಗಳಿಗೆ ಶೋಭೆ, ಹೆಗಲ ಮೇಲೆ ಅಲ್ಲ.

ತೂಕವನ್ನು ಹಂಚುವಾಗ ಗೂಡು ಒಬ್ಬರಿಗೆ, ಹೊರಹೊದಿಕೆ ಇನ್ನೊಬ್ಬರಿಗೆ, ಕಂಬಿ ಮತ್ತು ಗೂಟ ಮತ್ತೊಬ್ಬರಿಗೆ ಎಂದು ಬಿಡಿಸಿ ಕೊಡುವುದು ವಾಡಿಕೆ. ನಾಲ್ವರ ಟೆಂಟನ್ನು ಹೀಗೆ ನಾಲ್ಕು ಚೀಲಕ್ಕೆ ಹಂಚಿದಾಗ ಕಂಬಿ ಹೊತ್ತವರು ಕಾಲು ಉಳುಕಿಸಿಕೊಂಡು ಹಿಂದೆ ಉಳಿದರೆ, ಮುಂದೆ ಹೋದ ಮೂವರೂ ಬಯಲಲ್ಲೇ. ಚಿಕ್ಕ ಟೆಂಟಿನ ಎರಡು ಭಾಗ ಜೊತೆಯಲ್ಲಿ ನಡೆಯುವ ಇಬ್ಬರ ಹತ್ತಿರ ಇದ್ದರೆ ಆ ಇಬ್ಬರು ಎಲ್ಲಿ ತಲುಪಿದರೂ ಅವರ ಮನೆ ಅವರ ಬಳಿಯೇ ಇರುತ್ತದೆ. ಒಂದು ಕಂಬಿ ಮುರಿದರೂ ಕೆಡುವುದು ಇಬ್ಬರ ರಾತ್ರಿ, ಎಂಟು ಜನರದ್ದಲ್ಲ. ಆ ಇಬ್ಬರನ್ನು ಉಳಿದ ಮೂರು ಟೆಂಟುಗಳು, ಮೂವರದಾಗಿರುವುದರಿಂದ, ಒಂದು ರಾತ್ರಿಯ ಮಟ್ಟಿಗೆ ಒಳಗೆ ಸೇರಿಸಿಕೊಳ್ಳಬಲ್ಲವು.

ಯಾರ ಪಕ್ಕ ಯಾರು

ಇಷ್ಟೆಲ್ಲ ಅಳೆದು ತೂಗಿದ ಮೇಲೂ ಗುಂಪಿನ ಟೆಂಟಿನ ಗಾತ್ರವನ್ನು ನಿರ್ಧರಿಸುವುದು ಕೊನೆಗೆ ಆ ಗುಂಪಿನ ಜನ. ಟೆಂಟು ಕೊಂಡಮೇಲೆ ಯಾರು ಎಲ್ಲಿ ಮಲಗಬೇಕೆಂದು ಯೋಚಿಸುವುದು ನಮ್ಮ ಪದ್ಧತಿ, ಅದು ಹಿಂದುಮುಂದಾಗಬೇಕು. ನಮ್ಮ ಗುಂಪುಗಳಲ್ಲಿ ಒಂದಿಬ್ಬರು ದಂಪತಿಗಳಿರುತ್ತಾರೆ, ಮೊದಲ ಸಲ ಬರುವ ಒಬ್ಬಿಬ್ಬರು ಹೆಣ್ಣುಮಕ್ಕಳಿರುತ್ತಾರೆ, ಕಾಕಾನಂಥ ಹಿರಿಯರಿರುತ್ತಾರೆ, ಗೊರಕೆ ಹೊಡೆಯುವವರಂತೂ ಇದ್ದೇ ಇರುತ್ತಾರೆ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಿಕೊಳ್ಳಲು, ತಮ್ಮಷ್ಟಕ್ಕೆ ತಾವಿರಲು ಒಂದು ಬೇರೆಯ ಟೆಂಟು ಬೇಕೇ ಬೇಕು. ಅವರು ಇಬ್ಬರೇ ಇದ್ದಾರೆಂದು ಅವರಿಗೆ ಇದ್ದುದರಲ್ಲೇ ಚಿಕ್ಕದನ್ನು ಕೊಟ್ಟು, ಗಂಡಸರು ದೊಡ್ಡದನ್ನು ಇಟ್ಟುಕೊಳ್ಳುವುದನ್ನು ನಾನು ಅನೇಕ ಸಲ ನೋಡಿದ್ದೇನೆ, ಅದು ನನಗೆ ಸರಿಕಾಣುವುದಿಲ್ಲ. ಎದ್ದು ಕೂತು ಕೂದಲು ಕಟ್ಟಿಕೊಳ್ಳುವಷ್ಟು ಎತ್ತರ ಬೇಕಾದದ್ದು ಅವರಿಗೇ. ಟೆಂಟಿನ ನಡುವಿನ ಎತ್ತರ ಒಂದು ಮೀಟರಿಗೆ ಕಡಿಮೆ ಇದ್ದರೆ ಅದರಲ್ಲಿ ತಲೆ ಬಗ್ಗಿಸಿಯೇ ಇರಬೇಕಾಗುತ್ತದೆ. ಗೊರಕೆಯವರನ್ನು ಒಟ್ಟಿಗೆ ಹಾಕಿ ದೂರದ ಬಂಡೆಗೆ ಕಳಿಸುವುದು ಚಿಕ್ಕ ಟೆಂಟುಗಳಿದ್ದರೆ ಮಾತ್ರ ಸಾಧ್ಯ. ರಾತ್ರಿ ಏಳುವವರು, ನಸುಕಿನಲ್ಲೇ ಎದ್ದು ಸೂರ್ಯೋದಯ ನೋಡಲು ಹೊರಡುವವರು ಬಾಗಿಲ ಕಡೆ ಮಲಗಬೇಕು, ಅದಕ್ಕಾಗಿ ಎರಡು ಬಾಗಿಲಿನ ಟೆಂಟಿಗೆ ಒಂದಿಷ್ಟು ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಗುಂಪಿನಲ್ಲಿ ಬೆಸ ಸಂಖ್ಯೆ ಇದ್ದಾಗ, ಏಳು ಅಥವಾ ಒಂಬತ್ತು ಜನರಿದ್ದಾಗ, ಒಂದು ನಾಲ್ವರ ಟೆಂಟನ್ನು ಮೂವರಿಗಾಗಿ ಸೇರಿಸಿಕೊಳ್ಳುತ್ತೇವೆ. ಅದರ ನಡುವೆ ಮಲಗಲು ಯಾರು ಒಪ್ಪುತ್ತಾರೆಂಬುದನ್ನು ಊರಲ್ಲೇ ಕೇಳಿಟ್ಟುಕೊಂಡಿರುತ್ತೇವೆ.

ಎಲ್ಲರೂ ಒಂದೇ ಸೂರಿನ ಕೆಳಗೆ ಇದ್ದರೆ ಒಗ್ಗಟ್ಟು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಜೊತೆಗೂಡುವುದಕ್ಕೆ ಒಂದು ಜಾಗ, ಮಲಗುವುದಕ್ಕೆ ಬೇರೆ ಬೇರೆ ಜಾಗ ಎಂಬ ಏರ್ಪಾಡು ಈ ಸೀಮೆಗೆ ಹೊಸದೂ ಅಲ್ಲ. 1520ರ ಮೇ ತಿಂಗಳ ಬಿಸಿಲಿನಲ್ಲಿ ರಾಯಚೂರಿನ ಯುದ್ಧಕ್ಕೆ ಬಂದ ಕೃಷ್ಣದೇವರಾಯನ ದಂಡಿನ ಬಗ್ಗೆ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ: ಅರಸನ ಡೇರೆಯ ಸುತ್ತ ಮುಳ್ಳಿನ ಬೇಲಿ, ಅದಕ್ಕೆ ಒಂದೇ ಬಾಗಿಲು, ಪಾಳೆಯದಲ್ಲಿ ಸಾಲುಬೀದಿಗಳು, ಒಬ್ಬೊಬ್ಬ ನಾಯಕನ ಪಡೆಗೂ ಅದರದರ ಪೇಟೆ. ನಮ್ಮದು ಅಷ್ಟು ದೊಡ್ಡ ದಂಡಲ್ಲ. ಆದರೂ ಚಿಕ್ಕ ಟೆಂಟುಗಳ ನಡುವೆ ಎರಡು ಗಿಡಗಳಿಗೆ ಒಂದು ತಾಡಪತ್ರಿ ಎಳೆದು ಕಟ್ಟಿಬಿಟ್ಟರೆ ಅಡುಗೆ, ಊಟ, ಇಸ್ಪೀಟು, ಹರಟೆ ಎಲ್ಲ ಅದರ ಕೆಳಗೆ ನಡೆಯುತ್ತವೆ. ಒಂದು ಕಿಲೋಗಿಂತ ಕಡಿಮೆ ತೂಕದ ತಾಡಪತ್ರಿ ಒಂದು ದೊಡ್ಡ ಟೆಂಟಿನ ಸಾಮಾಜಿಕ ಕೆಲಸವನ್ನೆಲ್ಲ ಮಾಡುತ್ತದೆ. ನಿದ್ದೆ ಬಂದವರು ಯಾರಿಗೂ ಹೇಳದೆ ಎದ್ದು ಹೋಗಬಹುದು.

ಹೀಗಾಗಿ ಎಂಟು ಜನರ ಪ್ರಶ್ನೆಗೆ ನಾನು ಕೊಡುವ ಉತ್ತರ ನಾಲ್ಕು ಟೆಂಟು, ಮೂವರವು, ತಾವೇ ನಿಲ್ಲುವಂಥವು, ಜೊತೆಗೆ ಒಂದು ತಾಡಪತ್ರಿ. ಹಣ ಅಷ್ಟಿಲ್ಲದಿದ್ದರೆ ಎರಡನ್ನು ಕೊಂಡು ಎರಡನ್ನು ಬಾಡಿಗೆಗೆ ತರಬಹುದು. ಕೊಳ್ಳುವ ಎರಡು ಒಂದೇ ಮಾದರಿಯವಾಗಿದ್ದರೆ ಒಂದರ ಕಂಬಿ ಇನ್ನೊಂದಕ್ಕೆ ಒದಗುತ್ತದೆ. ಬಾಡಿಗೆಯದನ್ನು ಹೊರಡುವ ಹಿಂದಿನ ದಿನ ಮಾಳಿಗೆಯ ಮೇಲೆ ಬಿಚ್ಚಿ ನಿಲ್ಲಿಸಿ, ಗೂಟ ಎಣಿಸಿ, ಜಿಪ್ಪುಗಳನ್ನು ಎಳೆದು ನೋಡಬೇಕು. ಸಂಡೂರಿಗೆ ಹೋಗಿ ಬಂದ ಟೆಂಟಿನ ಬುಡಕ್ಕೆ ಅದಿರಿನ ಕೆಂಪು ಅಂಟಿರುತ್ತದೆ, ಅದು ತೊಳೆದರೂ ಪೂರ್ತಿ ಹೋಗುವುದಿಲ್ಲ. ಬಾಡಿಗೆಯವರು ಅದಕ್ಕೂ ದಂಡ ಕೇಳುವುದುಂಟಾದ್ದರಿಂದ ಕೆಳಗೆ ಹಾಸಲು ಒಂದು ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಟೆಂಟಿನ ನೆಲಕ್ಕಿಂತ ಒಂದೆರಡು ಇಂಚು ಚಿಕ್ಕದಾಗಿ ಕತ್ತರಿಸಿ ಒಯ್ಯುವುದು ಒಳ್ಳೆಯದು. ಹಾಳೆ ನೆಲಕ್ಕಿಂತ ದೊಡ್ಡದಾದರೆ ಮಳೆನೀರು ಅದರ ಮೇಲೆ ನಿಂತು ಟೆಂಟಿನಡಿಗೇ ಹರಿಯುತ್ತದೆ.

ನನ್ನ ಈ ಲೆಕ್ಕವೆಲ್ಲ ತಲೆಕೆಳಗಾಗುವ ಜಾಗವೂ ಒಂದಿದೆ. ಈಚೆಗೆ ನಮ್ಮ ಊರುಗಳಿಂದ ಹಿಮಾಲಯಕ್ಕೆ ಹೋಗುವವರು ಹೆಚ್ಚಿದ್ದಾರೆ, ಅವರೂ ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಮೈಯಿಂದ ಹೊರಡುವ ಆ 70, 80 ವ್ಯಾಟು ನಷ್ಟವಾಗದಂತೆ ನೋಡಿಕೊಳ್ಳುವುದೇ ಕೆಲಸ. ಖಾಲಿ ಜಾಗ ಹೆಚ್ಚಿದ್ದಷ್ಟೂ ಬೆಚ್ಚಗಾಗಬೇಕಾದ ಗಾಳಿ ಹೆಚ್ಚು, ಮೂವರ ಟೆಂಟಿನಲ್ಲಿ ಮೂವರೇ ಮಲಗುವುದು ಅಲ್ಲಿ ಜಾಣತನ. ಚೇಳಿನ ಭಯವಿಲ್ಲದ ಎತ್ತರದಲ್ಲಿ ಚೀಲಗಳು ಚಾಚಿನ ಕೆಳಗೆ ನಿಶ್ಚಿಂತೆಯಿಂದ ಇರುತ್ತವೆ. ಬೂಟನ್ನು ಮಾತ್ರ ಅಲ್ಲಿಯೂ ಒಳಗೇ ಇಟ್ಟುಕೊಳ್ಳುತ್ತಾರೆ, ಹೊರಗಿಟ್ಟರೆ ಒದ್ದೆ ಬೂಟು ಬೆಳಗಾಗುವಷ್ಟರಲ್ಲಿ ಮರಗಟ್ಟಿರುತ್ತದೆ.